ಸಿಂಹಾಸನವೂ ಯಂತ್ರಾಗಾರವೂ
(ಬಾನುಲಿ ಭಾಷಣ)

ಬಾದಾಮಿಯ ಸಮೀಪದ ಮಹಾಕೂಟದಲ್ಲಿ ಚಾಲುಕ್ಯ ಮಂಗಲೇಶನು ಕ್ರಿ.ಶ. 602ರ ಸುಮಾರಿಗೆ ಒಂದು ಶಾಸನಸ್ತಂಭವನ್ನು ನಿಲ್ಲಿಸಿದನು. ಇಂದು ಅದು ವಿಜಯಪುರದ ಗೋಲಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ತನ್ನ ವಂಶದ ಹಿರಿಮೆ, ಅಣ್ಣ ಕೀರ್ತಿವರ್ಮನ ದಿಗ್ವಿಜಯ, ಕಲಚುರಿ ಬುದ್ಧರಾಜನಿಂದ ವಶಪಡಿಸಿಕೊಂಡ ಸಂಪತ್ತು, ಮಕುಟೇಶ್ವರನಾಥನಿಗೆ ಬಿಟ್ಟ ಹಳ್ಳಿಗಳು: ಇವೆಲ್ಲ ಅದರಲ್ಲಿ ಸಂಸ್ಕೃತದಲ್ಲಿ ಒಡಮೂಡಿವೆ. ರಾಜನು ಏಕೆ ಆಳುತ್ತಾನೆ ಎಂಬ ಪ್ರಶ್ನೆಗೆ ಅಂದಿನ ಕಾಲ ಕೊಟ್ಟ ಉತ್ತರ ಈ ಕಂಬದಲ್ಲಿ ಸ್ಪಷ್ಟವಾಗಿದೆ. ಅವನಿಗೆ ವಂಶವಿದೆ, ತೋಳ್ಬಲವಿದೆ, ಧರ್ಮದ ಆಸರೆಯಿದೆ. ಇವು ಮೂರೂ ಇದ್ದ ಮಂಗಲೇಶನ ಅಧಿಕಾರಕ್ಕೆ ಕೊನೆಗೆ ಸವಾಲು ಬಂದದ್ದು ಎಲ್ಲಿಂದ? ಅವನ ಮನೆಯೊಳಗಿನಿಂದಲೇ. ರಾಜ್ಯವನ್ನು ತನ್ನ ಮಗನಿಗೆ ಉಳಿಸಲು ಹೋಗಿ, ಅಣ್ಣನ ಮಗ ಇಮ್ಮಡಿ ಪುಲಕೇಶಿಯೊಡನೆ ಕಾದಿ, ರಾಜ್ಯವನ್ನೂ ಪ್ರಾಣವನ್ನೂ ಅವನು ಕಳೆದುಕೊಂಡ ಸಂಗತಿಯನ್ನು ರವಿಕೀರ್ತಿಯ ಐಹೊಳೆ ಶಾಸನ ತಿಳಿಸುತ್ತದೆ. ಈ ಕಲಹದಲ್ಲಿ ಪ್ರಜೆಯ ಮಾತನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂದು ಪ್ರಜೆಗೂ ಅನಿಸಿರಲಾರದು.

ಹದಿಮೂರು ಶತಮಾನಗಳ ಅನಂತರ ಅರಸೊತ್ತಿಗೆಗೆ ಬಂದ ಸವಾಲು ಬೇರೆ ಬಗೆಯದು. ಅದು ದಾಯಾದಿಯ ಕತ್ತಿಯಿಂದ ಬರಲಿಲ್ಲ. ಗಣಿಯ ಬಾಯಿಂದ, ಗಿರಣಿಯ ಸಿಳ್ಳಿನಿಂದ, ಪತ್ರಿಕೆಯ ಅಚ್ಚಿನಮನೆಯಿಂದ, ಪಾಠಶಾಲೆಯ ಅಂಗಳದಿಂದ ಬಂತು. ವಿಚಿತ್ರವೆಂದರೆ ಇವುಗಳಲ್ಲಿ ಬಹುಪಾಲನ್ನು ಕಟ್ಟಿದ್ದು, ಕಟ್ಟಲು ನೆರವಾದದ್ದು ಸ್ವತಃ ಅರಸೊತ್ತಿಗೆಯೇ. ತಾನು ಬೆಳೆಸಿದ ಪ್ರಜೆ ತನ್ನ ಎದುರಿಗೆ ನಿಂತು, ಅನುಗ್ರಹ ಸಾಕು, ಅಧಿಕಾರದಲ್ಲಿ ಪಾಲು ಕೊಡು ಎಂದು ಕೇಳಿದಾಗ ಅರಸನಾದವನು ಏನು ಮಾಡಬೇಕು? ಇಂದು ವಿಚಾರ ಮಾಡಬೇಕೆಂದಿರುವುದು ಈ ಪ್ರಶ್ನೆಯನ್ನು.

ಮಹಾಕೂಟದ ಸುತ್ತಲಿನ ನಮ್ಮ ಸೀಮೆಗೆ ಇದರ ನೇರ ಅನುಭವವಿಲ್ಲ. 1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿದ ಮೇಲೆ ಬಾದಾಮಿ, ಬಾಗಲಕೋಟೆ, ಹುನಗುಂದ, ಇಳಕಲ್ಲುಗಳು ಕಂಪನಿ ಸರಕಾರದ ಕೈಸೇರಿ ಮುಂಬಯಿ ಇಲಾಖೆಗೆ ಒಳಪಟ್ಟವು. ನೆರೆಯಲ್ಲಿ ಜಮಖಂಡಿ, ಮುಧೋಳ, ರಾಮದುರ್ಗದಂಥ ಚಿಕ್ಕ ಸಂಸ್ಥಾನಗಳಿದ್ದುವಾದರೂ ದೊಡ್ಡ ಪ್ರಮಾಣದ ಕೈಗಾರಿಕೆಯ ಪ್ರಯೋಗಕ್ಕೆ ಅವುಗಳ ವಿಸ್ತಾರ ಸಾಲದು. ಸಿಂಹಾಸನವೂ ಯಂತ್ರಾಗಾರವೂ ಒಂದೇ ಸೂರಿನ ಕೆಳಗೆ ಬಾಳಿದ ಕಥೆ ಕನ್ನಡನಾಡಿನಲ್ಲಿ ಬೇಕೆಂದರೆ ತೆಂಕಣಕ್ಕೆ, ಮೈಸೂರು ಸಂಸ್ಥಾನಕ್ಕೇ ಹೋಗಬೇಕು.

ಆ ಕಥೆ 1881ರಿಂದ ಮೊದಲಾಗುತ್ತದೆ. ಅದು ಜಗತ್ತಿನ ಅರಸೊತ್ತಿಗೆಗಳ ಪಾಲಿಗೇ ಒಂದು ಗಮನಾರ್ಹ ವರ್ಷ. ಆ ವರ್ಷದ ಮಾರ್ಚ್ 13ರಂದು ರಷ್ಯದ ಝಾರ್ ಎರಡನೆಯ ಅಲೆಗ್ಸಾಂಡರನು ರಾಜಧಾನಿಯ ಬೀದಿಯಲ್ಲಿ ಬಾಂಬಿಗೆ ಬಲಿಯಾದನು. ಪ್ರಜೆಗಳ ಕೆಲವು ಪ್ರತಿನಿಧಿಗಳನ್ನು ಕರೆದು ಸಲಹೆ ಕೇಳುವ ಒಂದು ಸಾಧಾರಣ ಯೋಜನೆಗೆ ಅವನು ಒಪ್ಪಿಗೆ ನೀಡಿದ್ದು ಅದೇ ಬೆಳಗ್ಗೆ. ತಂದೆಯ ಆ ಯೋಜನೆಯನ್ನು ಮಗ ಮೂರನೆಯ ಅಲೆಗ್ಸಾಂಡರನು ಮೂಲೆಗೆಸೆದನು. ಇದಾದ ಹನ್ನೆರಡೇ ದಿನಗಳಿಗೆ, ಮಾರ್ಚ್ 25ರಂದು, ಐವತ್ತು ವರ್ಷಗಳ ಬ್ರಿಟಿಷ್ ಆಡಳಿತದ ಬಳಿಕ ಮೈಸೂರು ರಾಜ್ಯವು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಮರಳಿ ಬಂತು. ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರು 144 ಜನ ಸದಸ್ಯರ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ಐದು ದಿನಗಳ ತರುವಾಯ ಜಪಾನಿನ ಚಕ್ರವರ್ತಿಯು 1890ರಲ್ಲಿ ರಾಷ್ಟ್ರಸಭೆಯೊಂದನ್ನು ಕರೆಯುವುದಾಗಿ ಘೋಷಣೆ ಹೊರಡಿಸಿದನು. ಮೂರು ಸಿಂಹಾಸನಗಳು, ಮೂರರ ಮುಂದೆಯೂ ಒಂದೇ ಪ್ರಶ್ನೆ. ರೈಲು, ತಂತಿ, ಕಾರ್ಖಾನೆಗಳ ಹೊಸ ಯುಗದಲ್ಲಿ ಪ್ರಜೆಯ ಮಾತಿಗೆ ಎಡೆ ಕೊಡಬೇಕೆ, ಎಷ್ಟು ಕೊಡಬೇಕು?

ರಂಗಾಚಾರ್ಲು ಕೊಟ್ಟ ಎಡೆ ಎಷ್ಟೆಂಬುದನ್ನು ಉತ್ಪ್ರೇಕ್ಷೆಯಿಲ್ಲದೆ ಅರಿಯಬೇಕು. ಸಭೆಯ ಸದಸ್ಯರು ಭೂಹಿಡುವಳಿದಾರರೂ ವರ್ತಕರೂ ಆದ ಗಣ್ಯರು, ಮೊದಮೊದಲು ನಾಮಕರಣಗೊಂಡವರು. ದಸರೆಯ ಕಾಲಕ್ಕೆ ಕೂಡಿ ದಿವಾನರ ವರದಿಯನ್ನು ಕೇಳುವುದು, ತಮ್ಮ ಸೀಮೆಯ ಕುಂದುಕೊರತೆಗಳನ್ನು ಅರಿಕೆ ಮಾಡಿಕೊಳ್ಳುವುದು ಅವರ ಕೆಲಸ. ಅರಿಕೆಯನ್ನು ನಡೆಸಿಕೊಡಲೇಬೇಕೆಂಬ ಕಟ್ಟು ಸರಕಾರಕ್ಕಿರಲಿಲ್ಲ. ಆದರೂ ಇದನ್ನು ಹಗುರಾಗಿ ಕಾಣಲಾಗದು. ವರ್ಷಕ್ಕೊಮ್ಮೆ ಕೂಡಿ ಲೆಕ್ಕ ಕೇಳುವ ರೂಢಿಯೊಂದು ಬಿದ್ದರೆ ಸಾಕು, ಕೇಳುವವನ ದನಿ ತಾನಾಗಿ ಗಟ್ಟಿಯಾಗುತ್ತ ಹೋಗುತ್ತದೆ. ರಂಗಾಚಾರ್ಲು ನೆಟ್ಟದ್ದು ಸಸಿ. ಅದು ಎಷ್ಟೆತ್ತರ ಬೆಳೆಯಬಹುದೆಂಬುದನ್ನು ಅರಮನೆ ಆಗ ಎಣಿಸಿರಲಾರದು.

ಇನ್ನು ಯಂತ್ರದ ಕಥೆ. ಕೋಲಾರದ ಚಿನ್ನದ ಗಣಿಗಳಲ್ಲಿ 1880ರಿಂದೀಚೆಗೆ ಜಾನ್ ಟೇಲರ್ ಕಂಪನಿಯ ಕೆಲಸ ಹಬ್ಬಿತು. ನೆಲ ಮೈಸೂರಿನದು, ಬೆವರು ಬಹುಮಟ್ಟಿಗೆ ತಮಿಳು ಸೀಮೆಯಿಂದ ಬಂದ ಬಡವರದು, ಬಂಡವಾಳ ಹಾಗೂ ಲಾಭ ಲಂಡನ್ನಿನದು. ಸಂಸ್ಥಾನಕ್ಕೆ ಬರುತ್ತಿದ್ದದ್ದು ರಾಜಧನ. ಗಣಿಗೆ ವಿದ್ಯುತ್ತು ಬೇಕಾಯಿತು. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜಿತವಾದ ಶಿವನಸಮುದ್ರದ ವಿದ್ಯುದಾಗಾರವು 1902ರ ಜೂನ್ ತಿಂಗಳಲ್ಲಿ ಕೆಲಸ ಮೊದಲುಮಾಡಿತು. 92 ಮೈಲಿಗಳ ದೂರಕ್ಕೆ ತಂತಿ ಹಾಯಿಸಿ ಕೋಲಾರಕ್ಕೆ ಶಕ್ತಿಯನ್ನು ಮುಟ್ಟಿಸಿದ್ದು ಆ ಕಾಲಕ್ಕೆ ಒಂದು ಸಾಹಸವೇ ಸರಿ. ಅದೇ ವರ್ಷದ ಆಗಸ್ಟಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಡಳಿತ ಸೂತ್ರವನ್ನು ವಹಿಸಿಕೊಂಡರು. ವಿದ್ಯುತ್ತೂ ಹೊಸ ಅರಸರೂ ಮೈಸೂರಿಗೆ ಒಟ್ಟಿಗೆ ಬಂದರೆನ್ನಬೇಕು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು.

ಗಣಿಯಿಂದ ಬರುವ ಹಣದ ಮಹತ್ವವನ್ನು ಅರಿಯಲು ಇನ್ನೊಂದು ಲೆಕ್ಕವನ್ನು ನೋಡಬೇಕು. ಶ್ರೀರಂಗಪಟ್ಟಣದ ಪತನದ ಬಳಿಕ 1799ರಲ್ಲಿ ಆದ ಒಪ್ಪಂದದಂತೆ ಮೈಸೂರು ಬ್ರಿಟಿಷರಿಗೆ ವರ್ಷಕ್ಕೆ 24½ ಲಕ್ಷ ರೂಪಾಯಿಗಳ ಪೊಗದಿ ತೆರಬೇಕಾಗಿತ್ತು. 1881ರ ಷರತ್ತುಗಳು ಅದನ್ನು 35 ಲಕ್ಷಕ್ಕೆ ಏರಿಸಿದವು. ಹೆಚ್ಚಳದ ವಸೂಲಿ 1896ರವರೆಗೆ ಮುಂದಕ್ಕೆ ಹೋಯಿತು, ಅಷ್ಟೆ. ಗವರ್ನರ್ ಜನರಲ್ಲರ ಒಪ್ಪಿಗೆಯಿಲ್ಲದೆ ಆಡಳಿತದ ಕಾನೂನುಗಳಲ್ಲಿ ಗಣನೀಯ ಬದಲಾವಣೆ ಮಾಡಕೂಡದೆಂಬ ಕಟ್ಟಳೆಯೂ ಆ ಷರತ್ತುಗಳಲ್ಲಿತ್ತು. ಹೀಗಾಗಿ ಪ್ರಜೆಗಳಿಗೆ ನಿರಂಕುಶನಾಗಿ ಕಂಡ ಮೈಸೂರಿನ ಅರಸ ಸಾರ್ವಭೌಮನ ಎದುರಿಗೆ ಕೈಕಟ್ಟಿದವನು. 1831ರ ನೆನಪು ಆ ಮನೆತನವನ್ನು ಬಿಟ್ಟಿರಲಿಲ್ಲ. ನಗರದ ರೈತರು ಬಂಡೆದ್ದುದನ್ನೇ ನೆಪಮಾಡಿ ಮುಮ್ಮಡಿ ಕೃಷ್ಣರಾಜರಿಂದ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡಿದ್ದರಲ್ಲವೆ? ಪ್ರಜೆ ದಂಗೆಯೆದ್ದರೆ ರಾಜ್ಯ ಹೋದೀತು. ಪ್ರಜೆಗೆ ಅಧಿಕಾರ ಬಿಟ್ಟುಕೊಡಹೊರಟರೆ ಬ್ರಿಟಿಷರು ಮುನಿದಾರು. ಈ ಇಕ್ಕಟ್ಟಿನಲ್ಲಿ ಮೈಸೂರು ಕಂಡುಕೊಂಡ ಹಾದಿ, ಅಧಿಕಾರದ ಬದಲು ಅಭಿವೃದ್ಧಿಯನ್ನು ಕೊಡುವುದು.

ಅಭಿವೃದ್ಧಿಯನ್ನು ಅದು ಕೊಟ್ಟದ್ದು ತೋರಿಕೆಗಲ್ಲ ಎಂಬುದನ್ನು ಕೃತಜ್ಞತೆಯಿಂದ ಒಪ್ಪಬೇಕು. 1911ರಲ್ಲಿ ಆರ್ಥಿಕ ಸಮ್ಮೇಳನ, 1912ರಲ್ಲಿ ವಿಶ್ವೇಶ್ವರಯ್ಯನವರ ದಿವಾನಗಿರಿ, 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾನಿಲಯ, ಆ ಬೆನ್ನಿಗೆ ಗಂಧದೆಣ್ಣೆ, ಸಾಬೂನು, ಭದ್ರಾವತಿಯ ಕಬ್ಬಿಣ. ಸಾಹಿತ್ಯಾಸಕ್ತರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿಕೊಂಡದ್ದರ ಹಿಂದೆಯೂ ಈ ಆರ್ಥಿಕ ಸಮ್ಮೇಳನದ ಪ್ರೇರಣೆಯಿತ್ತು. ಕಬ್ಬಿಣ ಕರಗಿಸಬೇಕೆಂದವರೇ ಭಾಷೆಯನ್ನೂ ಬೆಳಗಿಸಬೇಕೆಂದರು. ಏಕೆಂದರೆ ಯಂತ್ರವನ್ನು ನಡೆಸುವವನಿಗೆ ಓದು ಬೇಕು. ಓದಿಗೆ ಶಾಲೆ ಬೇಕು. ಶಾಲೆಗೆ ನುಡಿ ಬೇಕು.

ಇಲ್ಲಿಯೇ ಕಥೆಯ ಗಂಟು ಇರುವುದು. ಓದು ಬಂದವನು ಯಂತ್ರದ ಕೈಪಿಡಿಯನ್ನಷ್ಟೇ ಓದಿ ಸುಮ್ಮನಾಗುವುದಿಲ್ಲ. ಅವನು ಪತ್ರಿಕೆಯನ್ನು ಓದುತ್ತಾನೆ, ಪತ್ರಿಕೆಯನ್ನು ಹೊರಡಿಸುತ್ತಾನೆ. 1908ರಲ್ಲಿಯೇ ಮೈಸೂರು ಸರಕಾರ ಪತ್ರಿಕೆಗಳ ಮೇಲೆ ಕಟ್ಟುನಿಟ್ಟಿನ ಶಾಸನವೊಂದನ್ನು ಹೇರಿತು. ತಾತಯ್ಯನೆಂದು ಜನ ಗೌರವದಿಂದ ಕರೆದ ಎಂ. ವೆಂಕಟಕೃಷ್ಣಯ್ಯನವರು ಅದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಓದುಬರಹ ಹರಡಲು ಉತ್ಸುಕವಾಗಿದ್ದ ಸರಕಾರಕ್ಕೆ ಓದುಬರಹದ ಫಲವನ್ನು ಕಂಡು ಅಳುಕು!

ಎರಡನೆಯ ಸವಾಲು, ಅಭಿವೃದ್ಧಿ ಯಾರಿಗೆ ಎಂಬುದು. ಹೊಸ ವಿದ್ಯೆ, ಹೊಸ ಉದ್ಯೋಗಗಳು ಒಂದು ಸಮುದಾಯದ ಕೈಯಲ್ಲಿ ಸೇರಿಕೊಂಡಿವೆಯೆಂಬ ಕೊರಗು ಬ್ರಾಹ್ಮಣೇತರ ವರ್ಗಗಳಲ್ಲಿ ದಟ್ಟವಾಗಿತ್ತು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಮಹಾರಾಜರು ಅವರ ಅಹವಾಲನ್ನು ಮನ್ನಿಸಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಅರ್ಹತೆಯ ಮಾನದಂಡವೇ ಸಾಕೆಂದ ವಿಶ್ವೇಶ್ವರಯ್ಯನವರು 1918ರಲ್ಲಿ ದಿವಾನಗಿರಿಯನ್ನು ಬಿಟ್ಟರು. ಯಂತ್ರಕ್ಕೆ ದಕ್ಷತೆ ಬೇಕು, ಸಮಾಜಕ್ಕೆ ನ್ಯಾಯ ಬೇಕು. ಇವೆರಡನ್ನೂ ತೂಗುವ ತಕ್ಕಡಿಯನ್ನು ಒಬ್ಬ ಅರಸ, ಒಬ್ಬ ದಿವಾನ ಎಷ್ಟು ಕಾಲ ಹಿಡಿದಾರು? ಜನರೇ ಕೂಡಿ ಚರ್ಚಿಸಿ ಹೊಣೆಹೊತ್ತು ತೀರ್ಮಾನಿಸಬೇಕಾದ ವಿಷಯ ಅದು.

ಮೂರನೆಯದು ನಷ್ಟದ ಹೊಣೆ. ಮಹಾಯುದ್ಧದ ಬೆಲೆಗಳನ್ನು ನಂಬಿ ಕೈಗೊಂಡ ಭದ್ರಾವತಿಯ ಕಾರ್ಖಾನೆ ಕಬ್ಬಿಣ ತೆಗೆಯಲು ಮೊದಲುಮಾಡಿದ್ದು 1923ರಲ್ಲಿ. ಅಷ್ಟರಲ್ಲಿ ಬೆಲೆಗಳು ಕುಸಿದಿದ್ದವು. ಕಾರ್ಖಾನೆ ನಷ್ಟಕ್ಕೆ ಸಿಲುಕಿತು. ಅದನ್ನು ನೆಲೆಗೊಳಿಸಲು ವಿಶ್ವೇಶ್ವರಯ್ಯನವರೇ ಮತ್ತೆ ಬರಬೇಕಾಯಿತು. ದಾನ ಕೊಡುವ ಅರಸನನ್ನು ಲೆಕ್ಕ ಕೇಳುವವರಿಲ್ಲ. ಆದರೆ ರೈತನ ಕಂದಾಯದಿಂದ ಕಾರ್ಖಾನೆ ಕಟ್ಟುವ ಸರಕಾರ ನಷ್ಟದ ಲೆಕ್ಕವನ್ನು ಒಪ್ಪಿಸಲೇಬೇಕಾಗುತ್ತದೆ. ಉದ್ಯಮಕ್ಕೆ ಕೈಯಿಕ್ಕಿದ ಅರಸೊತ್ತಿಗೆ ತನಗರಿವಿಲ್ಲದೆಯೇ ಉತ್ತರದಾಯಿತ್ವದ ಅಂಗಳಕ್ಕೆ ಕಾಲಿಟ್ಟಿರುತ್ತದೆ. 1923ರ ಸುಧಾರಣೆಗಳು ನ್ಯಾಯವಿಧಾಯಕ ಸಭೆಗೆ ಆಯವ್ಯಯದ ಬೇಡಿಕೆಗಳ ಮೇಲೆ ಮತ ನೀಡುವ ಹಕ್ಕನ್ನು ಕೊಟ್ಟದ್ದು ಕೇವಲ ಆಕಸ್ಮಿಕವೆಂದು ತೋರುವುದಿಲ್ಲ. ಆದರೆ ಮಂತ್ರಿಗಳು ಆ ಸಭೆಗೆ ಹೊಣೆಯಾಗಲಿಲ್ಲ. ಪ್ರಶ್ನೆ ಕೇಳಬಹುದಿತ್ತು, ಉತ್ತರ ಒಪ್ಪಿಗೆಯಾಗದಿದ್ದರೆ ಸರಕಾರವನ್ನು ಇಳಿಸುವಂತಿರಲಿಲ್ಲ.

ನಾಲ್ಕನೆಯ ಸವಾಲು ಕಾರ್ಮಿಕನದು. 1930ರಲ್ಲಿ ಕೋಲಾರದ ಗಣಿಯಲ್ಲಿ ಕೂಲಿಗಳ ಬೆರಳಚ್ಚು ಪಡೆದು ದಾಖಲಿಸಿಕೊಳ್ಳುವ ಏರ್ಪಾಡು ಬಂದಾಗ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಸುಮಾರು ಮೂರು ವಾರ ಗಣಿ ಸ್ತಬ್ಧವಾಯಿತು. ಭೂಮಿಯ ಆಳಕ್ಕಿಳಿದು ಚಿನ್ನ ತೆಗೆಯುವ ಮನುಷ್ಯ, ತನ್ನನ್ನು ಕಳ್ಳನಂತೆ ಕಾಣಬಾರದೆಂದು ಹಟ ಹಿಡಿದನು. ಬ್ರಿಟಿಷ್ ಕಂಪನಿಯ ಮುಂದೆ ಸಂಸ್ಥಾನದ ಮಾತು ಎಷ್ಟು ನಡೆದೀತು, ಕೂಲಿಯ ಪರವಾಗಿ ಅದು ಎಷ್ಟು ನಿಂತೀತು ಎಂಬ ಪರೀಕ್ಷೆ ಆಗ ಎದುರಾಯಿತು. ರೈತ ಹಳ್ಳಿಯಲ್ಲಿ ಚದರಿರುತ್ತಾನೆ. ಗಣಿಯವನು, ಗಿರಣಿಯವನು ಒಂದೇ ಸಿಳ್ಳಿಗೆ ಸಾವಿರ ಜನರೊಡನೆ ಹೊರಬರುತ್ತಾನೆ. ಬಿಡಿ ಅರ್ಜಿಗಳನ್ನು ವಿಚಾರಿಸಲು ಅರಮನೆಗೆ ಗೊತ್ತಿತ್ತು. ಕೂಡಿ ನಿಂತ ಜನರೊಡನೆ ಮಾತಾಡುವ ಬಗೆ ಅದಕ್ಕೆ ಹೊಸದು. ಕಾರ್ಮಿಕ ಸಂಘಗಳನ್ನು ಕಾನೂನಿನ ಚೌಕಟ್ಟಿಗೆ ತರಲು ಸಂಸ್ಥಾನ 1940ರ ದಶಕದ ತನಕ ಕಾಯಿತು.

ರಷ್ಯದಲ್ಲಿ ಇದೇ ಪರೀಕ್ಷೆಯ ಫಲ ಏನಾಯಿತೆಂಬುದು ಪ್ರಸಿದ್ಧ. ಅರ್ಥಮಂತ್ರಿ ವಿಟ್ಟೆ ರೈಲುದಾರಿಗಳನ್ನೂ ಕಾರ್ಖಾನೆಗಳನ್ನೂ ರಭಸದಿಂದ ಬೆಳೆಸಿದನು. 1905ರ ಜನವರಿ 22ರಂದು ರಾಜಧಾನಿಯ ಕೆಲಸಗಾರರು ಹೆಂಡಿರು ಮಕ್ಕಳೊಡನೆ, ದೇವರ ಪಟಗಳನ್ನು ಹೊತ್ತು, ಝಾರನಿಗೆ ಬಿನ್ನವತ್ತಳೆ ಸಲ್ಲಿಸಲು ಹೊರಟರು. ಅವರನ್ನು ಎದುರುಗೊಂಡದ್ದು ಗುಂಡು. ತಂದೆಯೆಂದು ನಂಬಿದವನ ಬಾಗಿಲಲ್ಲಿ ಬಿದ್ದ ಆ ಹೆಣಗಳೊಡನೆ ಒಂದು ನಂಬಿಕೆಯೂ ಸತ್ತಿತು. 1906ರಲ್ಲಿ ಕರೆದ ಡ್ಯೂಮಾ ಸಭೆಯನ್ನು ಝಾರ್ ನಿಕೋಲಸನು ತನಗೆ ಒಗ್ಗದಾಗ ವಿಸರ್ಜಿಸಿದನು. 1915ರಲ್ಲಿ ಸೇನಾಧಿಪತ್ಯವನ್ನೂ ತಾನೇ ವಹಿಸಿಕೊಂಡು ಸೋಲುಗಳ ಹೊಣೆಯನ್ನೆಲ್ಲ ತನ್ನ ತಲೆಗೇ ಕಟ್ಟಿಕೊಂಡನು. 1917ರಲ್ಲಿ ಸಿಂಹಾಸನ ಉರುಳಿತು.

ಮೈಸೂರಿನಲ್ಲಿ ಹಾಗಾಗಲಿಲ್ಲವೇಕೆ? ನಾಲ್ವಡಿಯವರ ವೈಯಕ್ತಿಕ ಶೀಲ ಒಂದು ಕಾರಣ. ಪ್ರಜೆಗಳಿಗೆ ಅವರಲ್ಲಿದ್ದ ಭಕ್ತಿ ಕೃತಕವಾದುದಲ್ಲ. ದಿವಾನನ ಸ್ಥಾನ ಇನ್ನೊಂದು ಕಾರಣ. ಜನ ಕೆರಳಿದಾಗ ಬೈದದ್ದು ದಿವಾನರನ್ನು, ಬೇಡಿದ್ದು ಮಹಾರಾಜರನ್ನು. ದಿವಾನನೆಂಬ ಗುರಾಣಿಯ ಹಿಂದೆ ಸಿಂಹಾಸನಕ್ಕೆ ಏಟು ತಗಲಲಿಲ್ಲ. ಆದರೆ ಗುರಾಣಿ ರಕ್ಷಿಸುತ್ತದೆ, ಸಮಸ್ಯೆಯನ್ನು ಬಿಡಿಸುವುದಿಲ್ಲ. ಮಿರ್ಜಾ ಇಸ್ಮಾಯಿಲರು 1926ರಿಂದ 1941ರವರೆಗೆ ದಿವಾನರಾಗಿ ಮಂಡ್ಯದ ಸಕ್ಕರೆ, ಭದ್ರಾವತಿಯ ಕಾಗದ, ಬೆಂಗಳೂರಿನ ಪಿಂಗಾಣಿ ಎಂದು ಸಾಲುಸಾಲಾಗಿ ಕಾರ್ಖಾನೆಗಳನ್ನು ಕಟ್ಟಿಸಿದರು. 1940ರಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯೇ ಸ್ಥಾಪನೆಯಾಯಿತು. ಮಾದರಿ ಸಂಸ್ಥಾನವೆಂಬ ಕೀರ್ತಿ ಬಂತು. ಜವಾಬ್ದಾರಿ ಸರಕಾರವೆಂಬ ಒಂದು ಮಾತು ಮಾತ್ರ ಅವರ ಕಾಲದಲ್ಲಿಯೂ ಬಾಯಿಂದ ಕಾರ್ಯಕ್ಕೆ ಇಳಿಯಲಿಲ್ಲ.

1938ರ ಏಪ್ರಿಲಿನಲ್ಲಿ ಮದ್ದೂರು ಬಳಿಯ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಕೂಡಿದ ಕಾಂಗ್ರೆಸ್ಸಿಗರು ನಿಷೇಧವನ್ನು ಮೀರಿ ಧ್ವಜವೇರಿಸಿ ಸೆರೆಯಾದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಜನರ ನೆನಪಿನಲ್ಲಿ ಮಡಿದವರು 32. ಸರಕಾರ ಒಪ್ಪಿದ್ದು ಅದಕ್ಕಿಂತ ಬಹಳ ಕಡಿಮೆ. ಮಾದರಿ ಸಂಸ್ಥಾನದಲ್ಲಿ ಹರಿದ ಈ ನೆತ್ತರನ್ನು ಯಾವ ಕಾರ್ಖಾನೆಯ ಹೊಗೆಯೂ ಮುಚ್ಚಲಾರದಾಯಿತು. ಸರ್ದಾರ್ ಪಟೇಲರೂ ಕೃಪಲಾನಿಯವರೂ ಬಂದು ದಿವಾನರೊಡನೆ ಮಾತಾಡಿದ ಮೇಲೆ ಸಂಸ್ಥಾನದ ಧ್ವಜದ ಜೊತೆಗೆ ರಾಷ್ಟ್ರಧ್ವಜಕ್ಕೂ ಎಡೆ ದೊರೆಯಿತು. ಧ್ವಜ ಸಿಕ್ಕಿತು, ಅಧಿಕಾರ ಸಿಗಲಿಲ್ಲ.

ಆಗಿನ ಕಾಲದಲ್ಲಿ ಮಾತಿಗೆ ಎಡೆಯೇ ಇಲ್ಲದಿದ್ದರೆ ಏನಾಗುತ್ತಿತ್ತೆಂಬುದಕ್ಕೆ ನಮ್ಮ ನೆರೆಯ ರಾಮದುರ್ಗವೇ ಸಾಕ್ಷಿ. 1939ರ ಏಪ್ರಿಲಿನಲ್ಲಿ ಪ್ರಜಾಸಂಘದ ಮುಖಂಡರ ಬಂಧನದಿಂದ ಕೆರಳಿದ ಜನ ಸೆರೆಮನೆಗೆ ನುಗ್ಗಿದರು, ಪೊಲೀಸರು ಹತರಾದರು, ಆಮೇಲೆ ಕೆಲವರು ಗಲ್ಲಿಗೇರಿದರು. ಮೈಸೂರಿನ ಸಭೆಗಳು ಎಷ್ಟೇ ಅಪೂರ್ಣವಾಗಿದ್ದರೂ ಜನರ ಸಿಟ್ಟಿಗೆ ಕಾಲುವೆಗಳಾಗಿದ್ದುವೆಂಬುದು ಈ ಹೋಲಿಕೆಯಿಂದ ತಿಳಿಯುತ್ತದೆ. ಆದರೂ 1942ರಲ್ಲಿ ಶಿವಮೊಗ್ಗ ಸೀಮೆಯ ಈಸೂರಿನ ಹಳ್ಳಿಗರು ಸ್ವತಂತ್ರರೆಂದು ಸಾರಿಕೊಂಡದ್ದೂ, ಮರುವರ್ಷ ಅವರಲ್ಲಿ ಐವರು ಗಲ್ಲಿಗೇರಿದ್ದೂ ಮೈಸೂರಿನಲ್ಲಿಯೇ. ಕಾಲುವೆ ಸಾಲದಾಗಿತ್ತು.

1940ರಲ್ಲಿ ನಾಲ್ವಡಿಯವರು ತೀರಿಕೊಂಡು ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದಿದ್ದರು. 1947ರ ಆಗಸ್ಟಿನಲ್ಲಿ ಅವರು ಭಾರತದ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಸಹಿ ಮಾಡಿದರಾದರೂ ಒಳಗಿನ ಜವಾಬ್ದಾರಿ ಸರಕಾರದ ಮಾತು ತಡೆಯಿತು. ಸೆಪ್ಟೆಂಬರ್ 1ರಿಂದ ಮೈಸೂರು ಚಲೋ. ಅದರಲ್ಲಿ ಬೀದಿಗೆ ಬಂದವರು ಯಾರು? ಸಂಸ್ಥಾನದ ಕಾರ್ಖಾನೆಗಳ ಕಾರ್ಮಿಕರು, ಸಂಸ್ಥಾನದ ಕಾಲೇಜುಗಳಲ್ಲಿ ಓದಿದ ವಕೀಲರು, ಸಂಸ್ಥಾನದ ಶಾಲೆಗಳ ಮಕ್ಕಳು. ಮೈಸೂರು ನಗರದಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರನ್ನು ಅಲ್ಲಿನ ಒಂದು ವೃತ್ತ ಇಂದಿಗೂ ಹೊತ್ತಿದೆ. ಅಕ್ಷರ ಕಲಿಸಿದ ಅರಸೊತ್ತಿಗೆಯ ಮೇಲೆ ಅಕ್ಷರ ಕಲಿತ ಹುಡುಗನೊಬ್ಬ ತನ್ನ ಜೀವದಿಂದ ಬರೆದ ಅರ್ಜಿ ಅದು. ಅಕ್ಟೋಬರಿನಲ್ಲಿ ಒಪ್ಪಂದವಾಯಿತು, ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾದರು. ಅರವತ್ತಾರು ವರ್ಷ ಸಂದುಬಂದ ಅರಿಕೆ ಎರಡು ತಿಂಗಳೊಳಗೆ ಈಡೇರಿತು. ಏಕೆಂದರೆ ಸಾರ್ವಭೌಮನ ಕೊಡೆ ಮಡಚಿತ್ತು. ಅದರ ನೆರಳೂ ಹೋಗಿತ್ತು, ಅದರ ಅಂಕೆಯೂ ಹೋಗಿತ್ತು. ಜಯಚಾಮರಾಜರು ಕಾಲವನ್ನರಿತು ಬಿಟ್ಟುಕೊಟ್ಟರು. ಮುಂದೆ ರಾಜಪ್ರಮುಖರಾಗಿ, ರಾಜ್ಯಪಾಲರಾಗಿ ಮನ್ನಣೆ ಪಡೆದರು. ಝಾರನಿಗೆ ಒದಗದ ಭಾಗ್ಯ ಅದು.

ಈ ಚರಿತ್ರೆಯ ಪಾಠವೇನು? ಮೈಸೂರಿನ ಅರಸರು ಕೆಟ್ಟವರಾದುದರಿಂದ ಅರಸೊತ್ತಿಗೆ ಹೋಗಲಿಲ್ಲ. ಅವರು ತಮ್ಮ ಕೆಲಸವನ್ನು ಚೆನ್ನಾಗಿ ಮಾಡಿದುದರಿಂದಲೇ ಅದರ ಅಗತ್ಯ ತೀರಿತು. ಬೆಳೆಸಿದ ಕೈ ಬೆಳೆದವನ ಮಾತಿಗೂ ಸಿದ್ಧವಾಗಿರಬೇಕು. ದೀಪ, ನೀರು, ಶಾಲೆ, ಕಾರ್ಖಾನೆಗಳನ್ನು ಮೇಲಿನಿಂದ ಕೊಡಬಹುದು. ಅವನ್ನು ಪಡೆದವನು ಕೆಳಗೇ ನಿಂತಿರಬೇಕೆಂದು ಬಯಸಲಾಗದು.

ಅರಸೊತ್ತಿಗೆ ಹೋದ ಮಾತ್ರಕ್ಕೆ ಪಾಠ ಮುಗಿಯಿತೆಂದು ಭಾವಿಸಬೇಕಾಗಿಲ್ಲ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ಮಾತು ಮತ್ತೆ ಮತ್ತೆ ಕೇಳಿಬಂದಿದೆ. ಅಂಥ ಹೊತ್ತಿನಲ್ಲಿ ಅಲ್ಲಿ ಮೂರು ತಲೆಮಾರು ದುಡಿದವರ ಮಕ್ಕಳು ಕಚೇರಿಯಿಂದ ಕಚೇರಿಗೆ ಅರ್ಜಿ ಹಿಡಿದು ಅಲೆದದ್ದನ್ನು ನಾವು ಕಂಡಿದ್ದೇವೆ. ಈಗ ದಿವಾನರಿಲ್ಲ, ಮಹಾರಾಜರಿಲ್ಲ. ಮತ ಕೊಟ್ಟ ನಾವೇ ಇದ್ದೇವೆ. ಯೋಜನೆಯನ್ನು ಕೊಡುಗೆಯೆಂದು ಸಾರುವ ಆಳುವವನ ಭಾಷೆಯಲ್ಲೂ, ಹಕ್ಕನ್ನು ಕೃಪೆಯೆಂದು ಸ್ವೀಕರಿಸುವ ಪ್ರಜೆಯ ಭಾಷೆಯಲ್ಲೂ ಹಳೆಯ ಸಿಂಹಾಸನ ಇನ್ನೂ ಅಡಗಿ ಕುಳಿತಿದೆ. 1881ರ ಆ 144 ಜನ ಅರಿಕೆ ಮಾಡಿಕೊಂಡರು, ಅವರಿಗೆ ಅಷ್ಟೇ ಅಧಿಕಾರವಿತ್ತು. ನಮಗೆ ಲೆಕ್ಕ ಕೇಳುವ ಅಧಿಕಾರವಿದೆ.